ಪದಕ್ಕೆ ಒಂದು ಸೆಂಟ್

ಒಂದೇ ಊರಿನ ಒಂದೇ ಬೀದಿಯಲ್ಲಿ, ಒಂದೇ ದಿನ, ಇಬ್ಬರು ಹೆಂಗಸರು ನಡೆದುಕೊಂಡು ಹೋಗ್ತಾರೆ. ಒಬ್ಬಳಿಗೆ ಇಡೀ ಊರು 32 ನಿಮಿಷದಲ್ಲಿ ಮುಗಿದುಹೋಗುತ್ತೆ. ಇನ್ನೊಬ್ಬಳಿಗೆ ನೋಡಿದಷ್ಟೂ ಮುಗಿಯೋದಿಲ್ಲ.

ಅಮೆರಿಕದ ಸಿಂಕ್ಲೇರ್ ಲೂಯಿಸ್ ಬರೆದ 'ಮೇನ್ ಸ್ಟ್ರೀಟ್' ಕಾದಂಬರಿಯ ನಾಲ್ಕನೇ ಅಧ್ಯಾಯದಲ್ಲಿ ಬರೋ ಸನ್ನಿವೇಶ ಇದು. 1920ರಲ್ಲಿ ಬಂದ ಪುಸ್ತಕ. ಮೊದಲ ಆರು ತಿಂಗಳಲ್ಲೇ 1,80,000 ಪ್ರತಿ ಖರ್ಚಾಯ್ತು. ಮರುವರ್ಷ ಪುಲಿಟ್ಜರ್ ತೀರ್ಪುಗಾರರು ಇದನ್ನೇ ಆರಿಸಿದ್ದರು, ಮೇಲಿನವರು ಆ ತೀರ್ಪು ತಳ್ಳಿಹಾಕಿ ಪ್ರಶಸ್ತಿಯನ್ನ ಈಡಿತ್ ವಾರ್ಟನ್ ಅವರ 'ದಿ ಏಜ್ ಆಫ್ ಇನೊಸೆನ್ಸ್'ಗೆ ಕೊಟ್ಟರು. 1930ರಲ್ಲಿ ಲೂಯಿಸ್‌ಗೆ ನೊಬೆಲ್ ಬಂತು. ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಅಮೆರಿಕನ್ ಆತ. ಸಣ್ಣ ಊರು ಅಂದ್ರೆ ಎಷ್ಟು ಬೇಜಾರು, ಎಷ್ಟು ಸಂಕುಚಿತ ಅನ್ನೋದನ್ನ ಇಷ್ಟು ಚೆನ್ನಾಗಿ ಬೈದವರು ಇನ್ನೊಬ್ಬರಿಲ್ಲ ಅಂತ ಈ ಪುಸ್ತಕಕ್ಕೆ ಹೆಸರು.

ಪುಸ್ತಕ ಚೆನ್ನಾಗಿದೆ. ಆದರೆ ಅದು ಯಾರ ಕಣ್ಣಿಂದ ಊರು ನೋಡುತ್ತೆ, ಯಾರ ಕಣ್ಣನ್ನ ಎರಡು ಪುಟಕ್ಕೆ ತೆರೆದು ಆಮೇಲೆ ಮುಚ್ಚಿಬಿಡುತ್ತೆ ಅನ್ನೋದರ ಬಗ್ಗೆ ನನಗೊಂದು ತಕರಾರಿದೆ. ಅದನ್ನ ಹೇಳೋಕೆ ಕಾದಂಬರಿಯ ಜೊತೆಗೆ ಇನ್ನೊಂದನ್ನೂ ಓದಬೇಕು. ಅದೇ ಕಾಲದ ಸಣ್ಣ ಊರಿನ ಪತ್ರಿಕೆಗಳ ಸಣ್ಣ ಜಾಹೀರಾತು.

ಮೊದಲು ಆ ಇಬ್ಬರ ಕಥೆ ಹೇಳಿಬಿಡ್ತೀನಿ.

ಕ್ಯಾರೊಲ್ ಓದಿದವಳು, ಸೇಂಟ್ ಪಾಲ್ ನಗರದಲ್ಲಿ ಲೈಬ್ರರಿ ಕೆಲಸ ಮಾಡಿದವಳು. ಡಾಕ್ಟರ್ ಕೆನಿಕಾಟ್‌ನ ಮದುವೆಯಾಗಿ ಮಿನ್ನೆಸೊಟಾದ ಗೋಫರ್ ಪ್ರೇರಿ ಅನ್ನೋ ಗೋಧಿ ಸೀಮೆಯ ಊರಿಗೆ ಬರ್ತಾಳೆ. ಜನಸಂಖ್ಯೆ ಮೂರು ಸಾವಿರದ ಮೇಲೆ ಸ್ವಲ್ಪ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ ಅಂದ್ಕೊಳ್ಳಿ. ಅವಳು ಬೀದಿಗಿಳಿದಾಗ ಕಾಣೋದೇನು? ನೊಣದ ಕಲೆ ಹಿಡಿದ ಹೋಟೆಲ್ ಕಿಟಕಿ. ರಕ್ತದ ವಾಸನೆಯ ಮಾಂಸದಂಗಡಿ. ದಿನಸಿ ಅಂಗಡಿಯ ಗಾಜಿನ ಹಿಂದೆ ಕಪ್ಪಾದ ಬಾಳೆಹಣ್ಣು, ಸೊಪ್ಪಿನ ಮೇಲೆ ಮಲಗಿರೋ ಬೆಕ್ಕು. ಡೈಯರ್ ಅನ್ನೋನ ಔಷಧಿ ಅಂಗಡಿಯಲ್ಲಿ ಜಿಡ್ಡುಗಟ್ಟಿದ ಅಮೃತಶಿಲೆಯ ಸೋಡಾ ಕಟ್ಟೆ, ಅದರ ಮೇಲೆ ಬಣ್ಣಬಣ್ಣದ ಗಾಜಿನ ಅಸಹ್ಯ ದೀಪ. ಪಕ್ಕದಲ್ಲೇ ಕ್ಷಯಕ್ಕೆ, ಹೆಂಗಸರ ಕಾಯಿಲೆಗೆ ಅಂತ ಮಾರೋ ಅಫೀಮು, ಮದ್ಯ ಬೆರೆತ ಬಾಟಲಿಗಳು. ತನ್ನ ಗಂಡ ಚೀಟಿ ಬರೆದು ರೋಗಿಗಳನ್ನ ಕಳಿಸೋದು ಇದೇ ಅಂಗಡಿಗೆ ಅಂತ ನೋಡಿ ಅವಳಿಗೆ ಎದೆ ಒಡೆದಂಗಾಗುತ್ತೆ.

ಬೀ ಸೊರೆನ್‌ಸನ್ ಹಳ್ಳಿ ಹುಡುಗಿ. ಸ್ವೀಡನ್ನಿನಿಂದ ಬಂದವರ ಮಗಳು. ಅವಳೂರಿನ ಜನಸಂಖ್ಯೆ 67. ಹೊಲದ ಕೆಲಸ ಸಾಕಾಗಿ, ಮನೆಗೆಲಸ ಹುಡುಕಿಕೊಂಡು ಬಂದಿದ್ದಾಳೆ. ಅವಳಿಗೂ ಅದೇ ಬೀದಿ, ಅದೇ ಔಷಧಿ ಅಂಗಡಿ. ಆದರೆ ಅವಳ ಕಣ್ಣಿಗೆ ಆ ಸೋಡಾ ಕಟ್ಟೆ ಇಷ್ಟುದ್ದ, ಎಲ್ಲಾ ಕಲ್ಲಿಂದು, ಅದರ ಮೇಲೆ ಜನ್ಮದಲ್ಲಿ ನೋಡಿರದಷ್ಟು ದೊಡ್ಡ ಬಣ್ಣದ ದೀಪ. ಯಾರಾದರೂ ಹುಡುಗ ಇಲ್ಲಿಗೆ ಕರ್ಕೊಂಡು ಬಂದರೆ ಹೇಗಿರುತ್ತೆ ಅಂತ ಯೋಚಿಸ್ತಾಳೆ. ಸಿನಿಮಾಕ್ಕೆ ಅಂತಲೇ ಕಟ್ಟಿದ ಥಿಯೇಟರು ಬೇರೆ! ಸಂಬಳ ಕಮ್ಮಿಯಾದರೂ ಪರವಾಗಿಲ್ಲ, ಇಲ್ಲೇ ಇರ್ತೀನಿ ಅಂತ ತೀರ್ಮಾನ ಮಾಡ್ತಾಳೆ. ಕ್ಯಾರೊಲ್ ಮನೆಯಲ್ಲೇ ಕೆಲಸಕ್ಕೆ ಸೇರ್ತಾಳೆ.

ದೀಪ ಅದೇ, ಬೇರೆಯಾಗಿರೋದು ನೋಡಿದವರು. ಲೂಯಿಸ್ ಇದನ್ನ ಎದುರುಬದುರು ಇಟ್ಟಿರೋದು ಜಾಣತನ, ಒಪ್ಕೋಬೇಕು. ಹೆಚ್ಚಿನವರು ಇದನ್ನ ತಮಾಷೆ ಅಂತ ಓದ್ತಾರೆ: ಪಾಪ, ಹಳ್ಳಿ ಮುಗ್ಧೆ, ಏನು ನೋಡಿದ್ರೂ ಬಾಯಿ ಬಿಡ್ತಾಳೆ. ನನಗೆ ಹಾಗೆ ಓದೋಕಾಗಲಿಲ್ಲ. ನಮ್ಮೂರು ತಿಪಟೂರು ಕಡೆ. ಹತ್ತು ವರ್ಷದ ಹುಡುಗನಿಗೆ ತಿಪಟೂರು ಹೇಗೆ ಕಾಣ್ತಿತ್ತು ಅಂತ ನನಗೆ ಗೊತ್ತು. ಬೇಕರಿ ಗಾಜಿನ ಹಿಂದಿನ ಹಳದಿ ಬಲ್ಬು, ಕ್ಯಾಸೆಟ್ ಅಂಗಡಿ ಮುಂದೆ ಸುತ್ತೋ ಬಣ್ಣದ ಲೈಟು, ಎಸ್‌ಟಿಡಿ ಬೂತಿನ ಕೆಂಪು ಅಂಕಿಗಳು. ಬೀ ಬಾಯಿ ಬಿಟ್ಟಿದ್ದು ದಡ್ಡತನಕ್ಕಲ್ಲ. ಕೈಗೆ ನಗದು ಸಂಬಳ ಸಿಗೋ ಜಾಗಕ್ಕೆ ಬಂದು ನಿಂತಿದ್ದೀನಿ ಅಂತ ಅವಳಿಗೆ ಗೊತ್ತಾಗಿತ್ತು. ಹೊಲದಲ್ಲಿ ಅಪ್ಪನಿಗೆ ದುಡಿದರೆ ಸಂಬಳ ಅನ್ನೋ ಮಾತೇ ಇಲ್ಲವಲ್ಲ.

ಇಲ್ಲಿಗೆ ಸಣ್ಣ ಜಾಹೀರಾತು ಬರುತ್ತೆ.

ಆಗಿನ ಅಮೆರಿಕದ ಸಣ್ಣ ಊರಿನ ವಾರಪತ್ರಿಕೆ ಹೇಗೆ ತಯಾರಾಗ್ತಿತ್ತು ಅಂದ್ರೆ, ಎಷ್ಟೋ ಕಡೆ ಅರ್ಧ ಪತ್ರಿಕೆ ದೊಡ್ಡ ನಗರದಲ್ಲಿ ಮೊದಲೇ ಅಚ್ಚಾಗಿ ಬಂಡಲು ಬಂಡಲಾಗಿ ರೈಲಲ್ಲಿ ಬರ್ತಿತ್ತು. ಅದರಲ್ಲಿ ದೇಶದ ಸುದ್ದಿ, ಧಾರಾವಾಹಿ, ಬಾಟಲಿ ಔಷಧಿಗಳ ದೊಡ್ಡ ಜಾಹೀರಾತು ಇರ್ತಿದ್ದವು. ಊರಿನ ಸಂಪಾದಕ ಖಾಲಿ ಇರೋ ಪುಟಗಳಲ್ಲಿ ಊರ ಸುದ್ದಿ, ಊರ ಅಂಗಡಿಗಳ ಜಾಹೀರಾತು ಅಚ್ಚು ಮಾಡ್ತಿದ್ದ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಟೆಂಪ್ಲೇಟು ಹೊರಗಿನವರದು, ಊರಿನವರದು ಒಂದಿಷ್ಟು ಜಾಗ ಮಾತ್ರ. ಅದೂ ಸಾಲದು ಅಂತ ಕಾಸು ತಗೊಂಡು ಸುದ್ದಿಯ ವೇಷದಲ್ಲೇ ಜಾಹೀರಾತು ಹಾಕೋ ರೂಢಿ ಬೇರೆ. ಸುದ್ದಿ ಅಂತ ಓದ್ತಾ ಹೋದರೆ ಕೊನೆಗೆ ಒಂದು ಕಷಾಯದ ಹೆಸರು! ಇದು ಎಷ್ಟು ಹೆಚ್ಚಾಯ್ತು ಅಂದ್ರೆ, ಕಾಸು ಕೊಟ್ಟು ಹಾಕಿಸಿದ ಬರಹಕ್ಕೆ 'ಜಾಹೀರಾತು' ಅಂತ ಗುರುತು ಹಾಕಲೇಬೇಕು ಅಂತ 1912ರಲ್ಲಿ ಕಾನೂನು ಮಾಡಬೇಕಾಯ್ತು. ಇನ್‌ಸ್ಟಾಗ್ರಾಮಿನಲ್ಲಿ 'ಪೇಯ್ಡ್ ಪಾರ್ಟ್ನರ್‌ಶಿಪ್' ಅಂತ ಸಣ್ಣಗೆ ಬರುತ್ತಲ್ಲ, ಅದರ ಮುತ್ತಜ್ಜ ಇದೇ.

ಬಾಟಲಿ ಔಷಧಿಗಳ ವಿಷಯಕ್ಕೆ ಬಂದರೆ, 1905ರಲ್ಲಿ ಸ್ಯಾಮ್ಯುಯೆಲ್ ಹಾಪ್‌ಕಿನ್ಸ್ ಆಡಮ್ಸ್ 'ಕಾಲಿಯರ್ಸ್' ವಾರಪತ್ರಿಕೆಯಲ್ಲಿ ಈ ಮೋಸವನ್ನ ಸರಣಿಯಾಗಿ ಬಯಲು ಮಾಡಿದ. 1906ರಲ್ಲಿ ಆಹಾರ ಮತ್ತು ಔಷಧ ಶುದ್ಧತೆಯ ಕಾನೂನು ಬಂತು. ಅದು ಅಫೀಮು, ಮದ್ಯ ಬೆರೆಸೋದನ್ನ ನಿಷೇಧ ಮಾಡಲಿಲ್ಲ, ಎಷ್ಟಿದೆ ಅಂತ ಚೀಟಿಯ ಮೇಲೆ ಬರೀರಿ ಅಂತಷ್ಟೇ ಹೇಳಿತು. ಹಾಗಾಗಿ ಅದಾಗಿ ಎಷ್ಟೋ ವರ್ಷದ ಮೇಲೆ ಬಂದ ಕ್ಯಾರೊಲ್ ಕಣ್ಣಿಗೂ ಆ ಬಾಟಲಿಗಳು ಬೀಳ್ತವೆ. ಲೂಯಿಸ್ ಇಲ್ಲಿ ಕಟ್ಟುಕಥೆ ಹೇಳ್ತಿಲ್ಲ.

ಆದರೆ ಪತ್ರಿಕೆಯ ಕೊನೆಯಲ್ಲಿ ಇನ್ನೊಂದು ಜಾಗ ಇತ್ತು. ಎರಡು ಸಾಲಿನ, ಮೂರು ಸಾಲಿನ ಸಣ್ಣ ಜಾಹೀರಾತುಗಳು. ಎಷ್ಟೋ ಪತ್ರಿಕೆಗಳಲ್ಲಿ ಪದಕ್ಕೆ ಒಂದು ಸೆಂಟ್ ದರ. ಮನೆಗೆಲಸಕ್ಕೆ ಹುಡುಗಿ ಬೇಕು. ಹಾಲು ಕೊಡೋ ಹಸು ಮಾರಾಟಕ್ಕಿದೆ. ಒಬ್ಬರಿಗೆ ಆಗೋ ಕೋಣೆ ಬಾಡಿಗೆಗಿದೆ. ನಮ್ಮ ಹೊಲಕ್ಕೆ ಯಾರದೋ ಕರು ಬಂದಿದೆ, ಗುರುತು ಹೇಳಿ, ಮೇವಿನ ಖರ್ಚು ಕೊಟ್ಟು ಹೊಡ್ಕೊಂಡು ಹೋಗಿ. ಊರು ಬಿಡ್ತಿದ್ದೀವಿ, ಕುದುರೆ, ನೇಗಿಲು, ಒಲೆ, ಮಂಚ ಎಲ್ಲಾ ಹರಾಜು.

ನನಗೆ ಈ ಸಾಲುಗಳಲ್ಲಿ ಕಾಣೋ ದೊಡ್ಡ ವಿಷಯ ಅಂದ್ರೆ, ಇಲ್ಲಿ ಮಾತಾಡ್ತಿರೋರು ಪದಕ್ಕೆ ದುಡ್ಡು ಕೊಟ್ಟು ಮಾತಾಡ್ತಿದ್ದಾರೆ. ಆದ್ದರಿಂದ ಒಂದು ಪದವೂ ಹೆಚ್ಚಿಗೆ ಇರೋದಿಲ್ಲ. ಹಸು 'ಸುಂದರ'ವಾಗಿದೆ ಅಂತ ಯಾರೂ ಬರೆಯೋದಿಲ್ಲ, ಎಷ್ಟನೇ ಸೂಲು, ಬೆಲೆ ಎಷ್ಟು, ಯಾರ ಮನೆ, ಅಷ್ಟೇ. ಅಂಗಡಿಯವನು ದೊಡ್ಡ ಚೌಕ ಹಾಕಿಸಿ ಹೊಗಳಿಕೊಳ್ತಾನೆ. ಸಂಪಾದಕ ಪುಕ್ಕಟೆಯಾಗಿ ಊರನ್ನ ಹೊಗಳ್ತಾನೆ. ಗಂಡಸರ ಕ್ಲಬ್ಬು, ಹೆಂಗಸರ ಇಸ್ಪೀಟು ಕೂಟ ಸುದ್ದಿಯಾಗ್ತವೆ. ಗೋಫರ್ ಪ್ರೇರಿಯ ಪತ್ರಿಕೆ 'ಡಾಂಟ್‌ಲೆಸ್' ಅಂತ. ಲೂಯಿಸ್ ಅದರಿಂದ ನಮಗೆ ಓದಿಸೋದು ಹೆಚ್ಚಾಗಿ ಇಂಥದ್ದನ್ನೇ: ಯಾರ ಮನೆಯಲ್ಲಿ ಪಾರ್ಟಿ, ಯಾರು ಬಂದಿದ್ರು, ಏನು ಜಂಭ. ನಗೋಕೆ ಚೆನ್ನಾಗಿದೆ. ಆದರೆ ಬೀ ಅಂಥ ಹುಡುಗಿಯ ಬದುಕು ನಡೆಯೋದು ಕೊನೆಯ ಕಾಲಮ್ಮಿನಲ್ಲಿ. ಅಲ್ಲಿಗೆ ಕಾದಂಬರಿಯ ಬೆಳಕು ಅಪರೂಪಕ್ಕೆ ಬೀಳುತ್ತೆ.

ಬಿದ್ದಾಗ ಎಷ್ಟು ಚೆನ್ನಾಗಿ ಬೀಳುತ್ತೆ ಅನ್ನೋದನ್ನೂ ಹೇಳಬೇಕು. ಅಂಥ ಮೂರು ಜಾಗ ಇದೆ.

ಒಂದು, ಗಂಡ ಹೆಂಡತಿ ದಿನಸಿ ತರೋ ಬಗ್ಗೆ ಮಾತಾಡೋದು. ಆ ಅಂಗಡಿಯವರು ನನ್ನ ಹತ್ರ ಬರಲ್ಲ, ಇನ್ನೊಬ್ಬ ಡಾಕ್ಟರ ಹತ್ರ ಹೋಗ್ತಾರೆ, ನನ್ನ ದುಡ್ಡು ಯಾಕೆ ಅಲ್ಲಿಗೆ ಹೋಗಬೇಕು, ನಮ್ಮವರ ಅಂಗಡಿಗೇ ಹೋಗು ಅಂತಾನೆ ಕೆನಿಕಾಟ್. ಆ ಅಂಗಡಿಯೇ ಚೊಕ್ಕಟವಾಗಿದೆ ಅಂತಾಳೆ ಅವಳು. ನಮ್ಮವನು ತೂಕದಲ್ಲಿ ಹೊಡೀತಾನೆ ಅಂತ ಅವನಿಗೂ ಗೊತ್ತು! ಆದರೂ ವ್ಯಾಪಾರ ನಮ್ಮಲ್ಲೇ ಇರಲಿ. ಸಣ್ಣ ಊರಲ್ಲಿ ಸಾಮಾನು ಕೊಳ್ಳೋದು ಅಂದ್ರೆ ಯಾರ ಜೊತೆ ಇದ್ದೀವಿ ಅಂತ ಸಾರಿದ ಹಾಗೆ. ಶೆಟ್ಟರ ಅಂಗಡಿಯಲ್ಲಿ ಲೆಕ್ಕ ಇಟ್ಟುಕೊಂಡು ಎದುರಂಗಡಿಯಿಂದ ಬೆಲ್ಲ ತಂದ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಎರಡು, ದುಡ್ಡು ಕೇಳೋದು. ಡೈಯರ್ ತನ್ನ ಹೆಂಡತಿ ಎಲ್ಲರೆದುರಿಗೆ ಕಾಸು ಕೇಳಿದಾಗ ತಮಾಷೆ ಮಾಡಿ ಅವಮಾನಿಸ್ತಾನೆ. ಅದನ್ನ ನೋಡಿದ ಕ್ಯಾರೊಲ್ ಇನ್ನು ನನಗೆ ತಿಂಗಳಿಗಿಷ್ಟು ಅಂತ ಕೊಟ್ಟುಬಿಡು, ದಿನಾ ಬೇಡೋಕಾಗಲ್ಲ ಅಂತ ಗಂಡನಿಗೆ ಹೇಳ್ತಾಳೆ. ಇದರ ಇನ್ನೊಂದು ಮಗ್ಗಲು ಸಣ್ಣ ಜಾಹೀರಾತಿನಲ್ಲಿದೆ. ಆ ಕಾಲದ ಪತ್ರಿಕೆಗಳಲ್ಲಿ ಒಂದು ನೋಟಿಸು ಮತ್ತೆ ಮತ್ತೆ ಬರುತ್ತೆ: ನನ್ನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಇವತ್ತಿಂದ ಅವಳು ಮಾಡೋ ಸಾಲಕ್ಕೆ ನಾನು ಹೊಣೆಯಲ್ಲ. ಗಂಡನ ಹೆಸರಲ್ಲೇ ಅಂಗಡಿಯ ಲೆಕ್ಕ ಇರ್ತಿದ್ದದ್ದು, ಹಾಗಾಗಿ ಈ ಎರಡು ಸಾಲು ಅಚ್ಚಾದ ದಿನವೇ ಆ ಹೆಂಗಸಿಗೆ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ ಹಾಗೆ. ಅವಳ ಕಡೆಯ ಮಾತು ಎಲ್ಲೂ ಅಚ್ಚಾಗೋದಿಲ್ಲ. ಕಾದಂಬರಿ ಇಂಥವರ ಮನೆಯೊಳಗೆ ನಮ್ಮನ್ನ ಕರ್ಕೊಂಡು ಹೋಗುತ್ತೆ. ಅದಕ್ಕೇ ಕಾದಂಬರಿ ಬೇಕು.

ಮೂರನೆಯದು ರೈತರ ಮಾತು. ಕ್ಯಾರೊಲ್ ಕಿವಿಗೆ ಇಬ್ಬರು ರೈತರು ಮಾತಾಡಿಕೊಳ್ಳೋದು ಬೀಳುತ್ತೆ. ಆಲೂಗಡ್ಡೆಗೆ ಇಲ್ಲಿಯ ವ್ಯಾಪಾರಿಗಳು ಬೆಲೆ ಕೊಡಲಿಲ್ಲ. ಮಿನಿಯಾಪೊಲಿಸ್‌ಗೆ ಕಳಿಸೋಣ ಅಂದ್ರೆ ಅಲ್ಲಿಯ ದಲ್ಲಾಳಿಗಳು ಇವರ ಜೊತೆ ಮಾತಾಡ್ಕೊಂಡು ಅದೇ ಬೆಲೆ ಹೇಳಿದರು. ಚಿಕಾಗೋದಲ್ಲಿ ಜಾಸ್ತಿ ಸಿಗುತ್ತೆ ಅಂದ್ರೆ ರೈಲಿನವರು ವ್ಯಾಗನ್ನೇ ಕೊಡಲಿಲ್ಲ. ನಮ್ಮ ಗೋಧಿಗೆ ಅವರು ಹೇಳಿದ ಬೆಲೆ, ಅವರ ಬಟ್ಟೆಗೂ ಅವರೇ ಹೇಳಿದ ಬೆಲೆ. ಬ್ಯಾಂಕಿನವನು ಜಮೀನು ಹಿಡೀತಾನೆ, ಪತ್ರಿಕೆ ಸುಳ್ಳು ಬರೆಯುತ್ತೆ. ಒಬ್ಬ ರೈತನಿಗಂತೂ ಈ ಊರನ್ನೇ ಸುಟ್ಟುಹಾಕಬೇಕು ಅನ್ನೋಷ್ಟು ಸಿಟ್ಟು.

ಈ ಒಂದು ಪುಟ ಓದಿದಾಗ ನಮ್ಮಪ್ಪ ನೆನಪಾದರು. ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದು, ಒಳಗೊಳಗೇ ಒಣಗಿ ಉಂಡೆ ಕೊಬ್ಬರಿ ಆಗುತ್ತೆ. ಒಂದು ವರ್ಷದ ಕಾಯುವಿಕೆಗೆ ಬೆಲೆ ಕಟ್ಟೋದು ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ. ಮಂಡಿಯಲ್ಲಿ ಟೀ ಕೊಡ್ತಿದ್ದರು, ಕೂರಿಸಿ ಮಾತಾಡಿಸ್ತಿದ್ದರು, ಆಮೇಲೆ ಚೀಟಿಯಲ್ಲಿ ಅದಕ್ಕಿಷ್ಟು ಇದಕ್ಕಿಷ್ಟು ಅಂತ ಹಿಡಿದು ಉಳಿದದ್ದು ಕೊಡ್ತಿದ್ದರು. "ಯಾಕಪ್ಪಾ ಕೇಳಲ್ಲ ನೀನು?" ಅಂದ್ರೆ, "ಮುಂದಿನ ಸಲ ಮುಂಗಡ ಬೇಕಲ್ಲ ಮಗಾ" ಅಂತಿದ್ದರು. ನನಗೆ ಬೇಕರಿ ಲೈಟು ಕಾಣ್ತಿದ್ದ ಅದೇ ಬೀದಿ ಅವರಿಗೆ ಹಾಗೆ ಕಾಣ್ತಿತ್ತು. ಅಂದ್ರೆ ಒಂದು ಬೀದಿಗೆ ಎರಡಲ್ಲ, ಮೂರು ಓದು ಇವೆ. ಕ್ಯಾರೊಲ್ ಕೇಳೋದು, ನೋಡೋಕೆ ಹೇಗಿದೆ? ಬೀ ಕೇಳೋದು, ಕೆಲಸ ಇದೆಯಾ, ಸಂಬಳ ಎಷ್ಟು? ರೈತ ಕೇಳೋದು, ಬೆಲೆ ಕಟ್ಟೋರು ಯಾರು?

ನನ್ನ ತಕರಾರು ಇಷ್ಟೇ. ಲೂಯಿಸ್‌ಗೆ ಮೂರೂ ಪ್ರಶ್ನೆ ಗೊತ್ತಿತ್ತು. ಆದರೆ ಪುಸ್ತಕ ಕೊಟ್ಟಿದ್ದು ಮೊದಲನೆಯದಕ್ಕೆ. ಕ್ಯಾರೊಲ್ ಊರು ಬದಲಾಯಿಸಬೇಕು ಅಂದುಕೊಂಡಾಗ ಮೊದಲು ಕನಸು ಕಾಣೋದು ಚೆಂದದ ಟೌನ್ ಹಾಲು, ನಾಟಕ, ಒಳ್ಳೇ ಕಟ್ಟಡ. ಲೂಯಿಸ್ ಅವಳನ್ನೂ ಗೇಲಿ ಮಾಡ್ತಾನೆ, ನಿಜ. ಗೇಲಿ ಮಾಡಿದರೂ ಅವಳ ಹೆಗಲ ಮೇಲಿಂದಲೇ ಊರು ನೋಡ್ತಾನೆ.

ಇದೇ ವರ್ಷಗಳಲ್ಲಿ ಆ ಸೀಮೆಯಲ್ಲಿ ನಡೆದದ್ದು ಸಣ್ಣ ವಿಷಯವಲ್ಲ. 1913ರ ಜನವರಿ 1ರಿಂದ ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರು ಮಾಡಿತು. ಅದಕ್ಕೂ ಮುಂಚೆ ಅಂಚೆಯಲ್ಲಿ 4 ಪೌಂಡಿಗಿಂತ ಭಾರದ್ದನ್ನ ಕಳಿಸೋ ಹಾಗಿರಲಿಲ್ಲ. ಅದೇ ವರ್ಷ ಜುಲೈನಲ್ಲಿ ಸಾಮಾನು ಮನೆಗೆ ಬಂದ ಮೇಲೆ ದುಡ್ಡು ಕೊಡೋ ಪದ್ಧತಿಯೂ ಬಂತು. (ನಮ್ಮಲ್ಲಿ ವಿ.ಪಿ.ಪಿ. 1877ರಲ್ಲೇ ಇತ್ತು. ಕ್ಯಾಶ್ ಆನ್ ಡೆಲಿವರಿ ನಾವು ಕಂಡುಹಿಡಿದದ್ದು ಅಂತ ನಮ್ಮ ಸ್ಟಾರ್ಟಪ್ಪಿನವರು ಹೇಳಿದರೆ ನಂಬಬೇಡಿ.) ಮಾಂಟ್‌ಗೊಮರಿ ವಾರ್ಡ್, ಸಿಯರ್ಸ್ ಕಂಪನಿಗಳ ದಪ್ಪ ಕ್ಯಾಟಲಾಗು ರೈತರ ಮನೆಮನೆಗೆ ಹೋಯ್ತು. ಅಂಗಡಿಯವನು ಬೆಳೆ ಬರೋವರೆಗೂ ಸಾಲ ಕೊಡ್ತಿದ್ದ, ಆ ಸಾಲದ ಭಾರ ಬೆಲೆಯಲ್ಲಿ ಸೇರಿರ್ತಿತ್ತು. ಕ್ಯಾಟಲಾಗಿನವರು ನಗದು ಕೇಳ್ತಿದ್ದರು, ಅಗ್ಗಕ್ಕೆ ಕೊಡ್ತಿದ್ದರು, ಮುಖ್ಯವಾಗಿ ಬೆಲೆ ಅಚ್ಚು ಹಾಕಿರ್ತಿದ್ದರು. ರೈತನಿಗೆ ಮೊದಲ ಸಲ ಹೋಲಿಸಿ ನೋಡೋಕೆ ಒಂದು ಅಂಕಿ ಸಿಕ್ಕಿತು.

ಊರಿನ ಅಂಗಡಿಯವರು ಸುಮ್ಮನಿರಲಿಲ್ಲ. ಕೆಲವು ಊರುಗಳಲ್ಲಿ ಕ್ಯಾಟಲಾಗುಗಳನ್ನ ಚೌಕದಲ್ಲಿ ರಾಶಿ ಹಾಕಿ ಸುಟ್ಟರು. ಊರಲ್ಲೇ ಕೊಳ್ಳಿ ಅಂತ ಸಂಪಾದಕರು ಬರೆದರು, ಅವರ ಪತ್ರಿಕೆ ನಡೀತಿದ್ದದ್ದೇ ಆ ಅಂಗಡಿಗಳ ಜಾಹೀರಾತಿನಿಂದ. 1915ರಲ್ಲಿ ನಾರ್ತ್ ಡಕೋಟಾದಲ್ಲಿ ರೈತರ ನಾನ್‌ಪಾರ್ಟಿಸನ್ ಲೀಗ್ ಹುಟ್ಟಿತು. ಗೋಧಿ ಕಣಜ, ಗಿರಣಿ, ಬ್ಯಾಂಕು ಸರ್ಕಾರದ್ದಾಗಬೇಕು ಅಂತ ಅದರ ಬೇಡಿಕೆ. 1919ರಲ್ಲಿ ಆ ರಾಜ್ಯದ ಸರ್ಕಾರಿ ಬ್ಯಾಂಕು ಶುರುವಾಯ್ತು, ಇವತ್ತಿಗೂ ಇದೆ. ಕಾದಂಬರಿಯಲ್ಲಿ ಲೀಗಿನ ಸಂಘಟಕನೊಬ್ಬನನ್ನ ವ್ಯಾಪಾರಿಗಳ ಗುಂಪು ಊರಿಂದ ಅಟ್ಟೋ ಸಂಗತಿ ಬರುತ್ತೆ. ಕೆನಿಕಾಟ್ ಅದನ್ನ ಸರಿ ಅಂತಾನೆ, ಕ್ಯಾರೊಲ್ ಜಗಳವಾಡ್ತಾಳೆ. ಒಳ್ಳೇ ಜಗಳ. ಆದರೆ ಅದು ಗಂಡ ಹೆಂಡತಿ ಜಗಳವಾಗಿಯೇ ಮುಗಿಯುತ್ತೆ. ಅಟ್ಟಿಸಿಕೊಂಡವನ ಸಭೆಗೆ ಬರಬೇಕಿದ್ದ ರೈತರು ಏನಂದರು ಅಂತ ಗೊತ್ತಾಗೋದಿಲ್ಲ.

ಬೀ ಏನಾದಳು? ಇಲ್ಲಿಯೇ ನನಗೆ ಹೆಚ್ಚು ನೋವು. ಕ್ಯಾರೊಲ್ ಅವಳಿಗೆ ವಾರಕ್ಕೆ 6 ಡಾಲರ್ ಕೊಡ್ತಾಳೆ ಅಂತ ತಿಳಿದಾಗ ಇಸ್ಪೀಟು ಕೂಟದ ಹೆಂಗಸರು ರೇಗ್ತಾರೆ, ನೀನು ಹೀಗೆ ಕೊಟ್ಟರೆ ನಾವೇನು ಮಾಡೋದು ಅಂತ. (ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಇವತ್ತಿಗೂ ಬರುತ್ತೆ, ಪದವೂ ಬದಲಾಗಿಲ್ಲ.) ಆಮೇಲೆ ಬೀ ಊರಿಗೇ ಎದುರು ಮಾತಾಡೋ ಮೈಲ್ಸ್ ಅನ್ನೋ ಕೂಲಿಯವನನ್ನ ಮದುವೆಯಾಗ್ತಾಳೆ. ಒಂದು ಮಗು ಆಗುತ್ತೆ. ಊರಿನ ಹೆಂಗಸರು ಯಾರೂ ಮನೆಗೆ ಬರೋದಿಲ್ಲ. ಎದುರುಮನೆಯವನು ಅವನ ಬಾವಿ ನೀರು ತಗೊಳ್ಳೋಕೆ ಕಿರಿಕಿರಿ ಮಾಡ್ತಾನೆ, ದುಡ್ಡು ಕೊಡ್ತೀನಂದ್ರೂ ಒಪ್ಪೋದಿಲ್ಲ. ತಗ್ಗಿನ ಇನ್ನೊಂದು ಬಾವಿಯಿಂದ ನೀರು ತರ್ತಾರೆ. ಟೈಫಾಯ್ಡ್ ಬಂದು ತಾಯಿ ಮಗು ಇಬ್ಬರೂ ಸಾಯ್ತಾರೆ. ಇನ್ನೇನು ಹೋಗ್ತಾಳೆ ಅನ್ನೋವಾಗ ಹೆಂಗಸರು ಹಣ್ಣು, ಪತ್ರಿಕೆ ಹಿಡ್ಕೊಂಡು ಬರ್ತಾರೆ. ನೀವು ಬರ್ತೀರಾಂತ ಅವಳು ಕಾಯ್ತಿದ್ದಳು, ಈಗ ಬೇಡ ಅಂತ ಮೈಲ್ಸ್ ಬಾಗಿಲಲ್ಲೇ ಹೇಳಿ ಕಳಿಸ್ತಾನೆ.

ಈ ಪುಟಗಳು ಅದ್ಭುತವಾಗಿವೆ. ಆದರೆ ಗಮನಿಸಿ, ಬೀ ಸತ್ತದ್ದೂ ಕ್ಯಾರೊಲ್‌ಳ ದುಃಖವಾಗಿಯೇ ನಮಗೆ ತಲುಪುತ್ತೆ. ನಾಲ್ಕನೇ ಅಧ್ಯಾಯದಲ್ಲಿ ಆ ದೀಪ ನೋಡಿ ಬೆರಗಾದ ಕಣ್ಣಿಗೆ ಆಮೇಲೆ ಆ ಬೀದಿ ಹೇಗೆ ಕಂಡಿತು? ಕೈಯಲ್ಲಿ ದುಡ್ಡು ಬಂದ ಮೇಲೆ ಅವಳು ಆ ಸೋಡಾ ಕಟ್ಟೆಯ ಮುಂದೆ ಒಂದು ಸಲವಾದರೂ ಕೂತಳಾ? ಯಾವ ಅಂಗಡಿಯವನು ಅವಳಿಗೆ ಸಾಲ ಬರೆದುಕೊಂಡ? ಲೂಯಿಸ್ ಹೇಳೋದಿಲ್ಲ. ಇದೆಲ್ಲ ಆದ ಮೇಲೆ ಊರಿನ ವ್ಯಾಪಾರಿಗಳು ಒಬ್ಬ ಬಾಯಿಬಡುಕ ಜಮೀನು ದಲ್ಲಾಳಿಯನ್ನ ಕಟ್ಟಿಕೊಂಡು ಊರಿಗೇ ಪ್ರಚಾರ ಶುರು ಮಾಡ್ತಾರೆ, ಮೇನ್ ಸ್ಟ್ರೀಟಿಗೆ ಝಗಮಗ ದೀಪದ ಸಾಲು ಹಾಕಿಸ್ತಾರೆ. ನೀರಿನ ವಿಷಯ ಯಾರ ಭಾಷಣದಲ್ಲೂ ಇಲ್ಲ. ಬೀ ಅದನ್ನ ನೋಡಿದ್ದರೆ ಏನಂತಿದ್ದಳು?

ನಮ್ಮಲ್ಲಿ ಎಷ್ಟೋ ಜನ ಈಗ ಇಂಥ ಬೀದಿಗಳನ್ನ ಫೋನಿನೊಳಗೆ ಕಟ್ಟೋ ಕೆಲಸದಲ್ಲಿದ್ದೀವಿ. ಮಾರೋರು, ಕೊಳ್ಳೋರು, ಮನೆಗೆಲಸಕ್ಕೆ ಜನ ಬೇಕಾದೋರು, ಕೊಬ್ಬರಿ ರೇಟು ನೋಡೋರು, ಎಲ್ಲರೂ ಆ ಪರದೆಯ ಮುಂದೆ. ಡಿಸೈನ್ ಮೀಟಿಂಗಿನಲ್ಲಿ ಕ್ಯಾರೊಲ್‌ಳ ಪ್ರಶ್ನೆಗೆ ಗಂಟೆಗಟ್ಟಲೆ ಸಮಯ ಇರುತ್ತೆ. ಬೀ ಪ್ರಶ್ನೆ ಒಂದು ಫಿಲ್ಟರ್ ಆಗುತ್ತೆ. ಬೆಲೆ ಕಟ್ಟೋರು ಯಾರು, ಚೀಟಿಯಲ್ಲಿ ಏನೇನು ಹಿಡೀತಾರೆ ಅನ್ನೋ ಪ್ರಶ್ನೆ ಆ ಕೋಣೆಯೊಳಗೆ ಬರೋದೇ ಇಲ್ಲ, ಯಾಕಂದ್ರೆ ಅದನ್ನ ಕೇಳೋರು ಆ ಕೋಣೆಯಲ್ಲಿಲ್ಲ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಬಂದು 'ಅಲ್ಲೇನೂ ಇಲ್ಲ ಮಗಾ, ಬೋರು' ಅನ್ನೋರಿಗೂ ಇದೇ ಮಾತು. 32 ನಿಮಿಷದಲ್ಲಿ ಅಂಗಡಿ ಬೋರ್ಡು ಓದಬಹುದು, ಲೆಕ್ಕದ ಪುಸ್ತಕ ಓದೋಕಾಗಲ್ಲ.

ಇನ್ನೊಂದು ತಮಾಷೆ. ಲೂಯಿಸ್ ಹುಟ್ಟಿದ್ದು ಮಿನ್ನೆಸೊಟಾದ ಸಾಕ್ ಸೆಂಟರ್ ಅನ್ನೋ ಊರಲ್ಲಿ, ಡಾಕ್ಟರ ಮಗ. ಗೋಫರ್ ಪ್ರೇರಿಗೆ ಮೂಲ ಅದೇ. ಪುಸ್ತಕ ಬಂದಾಗ ಊರಿನವರಿಗೆ ಕೋಪ ಬಂತು. ಆಮೇಲೆ ಅವರೇ ಆ ಬೀದಿಗೆ 'ಮೂಲ ಮೇನ್ ಸ್ಟ್ರೀಟ್' ಅಂತ ಫಲಕ ಹಾಕಿದರು, ಒಂದು ರಸ್ತೆಗೆ ಅವನ ಹೆಸರಿಟ್ಟರು, ಹೈಸ್ಕೂಲಿನ ಆಟದ ತಂಡಕ್ಕೂ 'ಮೇನ್‌ಸ್ಟ್ರೀಟರ್ಸ್' ಅಂತಲೇ ಹೆಸರು. ಬೈಗುಳವನ್ನೂ ಜಾಹೀರಾತು ಮಾಡಿಕೊಂಡ ಊರು! ಇಷ್ಟು ವ್ಯಾಪಾರ ಬುದ್ಧಿ ಇರೋ ಊರನ್ನ ಮಂಕು ಅಂತ ಕರೆಯೋದು ಹೇಗೆ ಹೇಳಿ.

'ಮೇನ್ ಸ್ಟ್ರೀಟ್' ಕಾಪಿರೈಟ್ ಮುಗಿದ ಪುಸ್ತಕ, ಪುಕ್ಕಟೆ ಸಿಗುತ್ತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೇ ಪತ್ರಿಕೆಗಳನ್ನ ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದೆ, ಅದೂ ಪುಕ್ಕಟೆ. ಒಂದು ಭಾನುವಾರ ನಾಲ್ಕನೇ ಅಧ್ಯಾಯ ಓದಿ. ಆಮೇಲೆ 1913ರ ಮಿನ್ನೆಸೊಟಾದ ಯಾವುದಾದರೂ ಸಣ್ಣ ಊರಿನ ಪತ್ರಿಕೆ ತೆಗೆದು, ಮುಖಪುಟ ಬಿಟ್ಟು, ಸಣ್ಣ ಅಕ್ಷರದ ಕಾಲಮ್ಮಿಗೆ ಹೋಗಿ. ಮನೆಗೆಲಸಕ್ಕೆ ಹುಡುಗಿ ಬೇಕು ಅನ್ನೋ ಸಾಲು ಸಿಕ್ಕೇ ಸಿಗುತ್ತೆ. ಆ ಸಾಲನ್ನ ಹಾಕಿಸಿದವರ ಕಡೆಯಿಂದ ಒಂದು ಸಲ ಓದಿ, ರೈಲಿಳಿದು ಆ ವಿಳಾಸ ಹುಡುಕಿಕೊಂಡು ಬರೋ ಹುಡುಗಿಯ ಕಡೆಯಿಂದ ಇನ್ನೊಂದು ಸಲ ಓದಿ.